ಕರಾರು ಮೇಷ್ಟರ ಕಿಟಕಿ
ಕಟ್ಟಡ ಕಟ್ಟುವುದನ್ನು ಕಲಿಯುವ ವಿದ್ಯಾರ್ಥಿಗಳಿಗೆ ಕರಾರಿನ ಕಾನೂನು ಕಲಿಸುವ ನಮ್ಮ ಮೇಷ್ಟರು ಪುಸ್ತಕ ತೆರೆದದ್ದನ್ನು ನಾನು ಕಂಡಿಲ್ಲ. ಕಾಲೇಜಿನ ಹಿತ್ತಲಲ್ಲಿ ತಾವು ಮಾಲೀಕರಾಗಿ, ಹುಡುಗರನ್ನು ಗುತ್ತಿಗೆದಾರರನ್ನಾಗಿ ಮಾಡಿ, ಕಿಟಕಿಯಿರುವ ಒಂದು ಇಟ್ಟಿಗೆ ಗೋಡೆಗೆ ಕರಾರು ಬರೆಸಿ ಕಟ್ಟಿಸುತ್ತಾರೆ. ಮಧ್ಯಾಹ್ನ ಹತ್ತಿರ ಬಂದು, ಬೆಣ್ಣೆಯಂಥ ದನಿಯಲ್ಲಿ, "ಆ ಕಿಟಕಿ ಬೇಡ, ಇಟ್ಟಿಗೆ ಕಟ್ಟಿ ಮುಚ್ಚಿಬಿಡ್ರಪ್ಪ, ನಾನಿದ್ದೀನಲ್ಲ" ಎನ್ನುತ್ತಾರೆ. ಮುಚ್ಚಿದವರನ್ನು ಸಂಜೆ ಕರೆದು, "ನಾನ್ಯಾವಾಗ ಹೇಳಿದೆ? ಕರಾರಲ್ಲಿ ಕಿಟಕಿ ಇದೆ, ಬದಲಾಯಿಸೋಕೆ ಬರಹ ಎಲ್ಲಿದೆ?" ಎಂದು ಕೇಳಿ ನಪಾಸು ಮಾಡುತ್ತಾರೆ. ಅವರ ಅನುಮಾನಕ್ಕೆ ರಜೆಯಿಲ್ಲ. ಹಾಕಿದ ಬೀಗವನ್ನು ಮೂರು ಸಲ ಜಗ್ಗುತ್ತಾರೆ. ಒಂದು ಗಡಿಯಾರವನ್ನು ನಂಬಲು ಇನ್ನೆರಡನ್ನು ನೋಡುತ್ತಾರೆ. ಹೆಂಡತಿ ತರಹೇಳಿದ ಸೋಪಿಗೂ ಆಕೆಯ ರುಜು ಬೇಕು. "ಚೆನ್ನಾಗಿ ನೋಡ್ಕೋತೀನಿ ಅಂದಿದ್ದನ್ನ ನಾನೂ ಅವತ್ತೇ ಬರೆಸ್ಕೋಬೇಕಿತ್ತು" ಎಂದು ಆಕೆ ನನ್ನೆದುರು ಹೇಳಿದ್ದುಂಟು. ಈ ವರ್ಷ ಗಾರೆಯವನ ಮಗಳೊಬ್ಬಳು ಕಿಟಕಿ ಮುಚ್ಚಲು ಒಪ್ಪದೆ, ಗಾರೆ ಮೆತ್ತುವ ಕರಣೆ ಕೆಳಗಿಟ್ಟು, "ಸಾರ್, ನಿಮಗ್ಯಾರು ಹೀಗೆ ಮೋಸ ಮಾಡಿದ್ದು?" ಎಂದಳು. ಮೇಷ್ಟರು ಇಟ್ಟಿಗೆ ರಾಶಿಯ ಮೇಲೆ ಕುಳಿತರು. "ನಮ್ಮಣ್ಣ. ಅವನ ಮನೆ ಕೆಲಸಕ್ಕೆ ನಾನೇ ಗುತ್ತಿಗೆದಾರ. ಆ ಕಂಬ ತೆಗಿ, ಹೊಣೆ ನಂದು ಅಂದ. ತೆಗೆಸಿದೆ. ಕೂಲಿಯವನೊಬ್ಬನ ಮೇಲೆ ಸೂರು ಬಿತ್ತು. ವಿಚಾರಣೆಯಲ್ಲಿ ಅಣ್ಣ, ನಾನು ಹೇಳೇ ಇಲ್ಲ ಅಂದ. ಒಡಹುಟ್ಟಿದವನ ಹತ್ರ ಹೇಗಮ್ಮ ಬರೆಸ್ಕೊಳ್ಳೋದು?" ಹುಡುಗಿಯ ಕಣ್ಣು ತುಂಬಿತು. ಮೇಷ್ಟರು ಮೆಲ್ಲಗೆ, "ಹೋಗಲಿ ಬಿಡು. ಆ ಕಿಟಕಿ ಮುಚ್ಚಿಬಿಡು ಮಗಳೇ" ಎಂದರು. ಅವಳು ಕಣ್ಣೊರೆಸಿಕೊಂಡು ಕರಣೆ ಎತ್ತಿಕೊಂಡಳು. ಸಂಜೆ ಅವಳೂ ನಪಾಸಾದಳು. ಅಣ್ಣನ ಕಥೆಯೂ ಬಲೆಯೇ ಇರಬೇಕೆಂದು ನಾನು ಅವರ ಹೆಂಡತಿಯನ್ನು ವಿಚಾರಿಸಿದೆ. ಪ್ರತಿಯೊಂದು ಮಾತೂ ನಿಜವಂತೆ.