ಮುಂದಿನ ಸೀಟಿನಲ್ಲಿ ನೀಲಗಂಗಾ

ನೀಲಗಂಗಾ ಸೈಕಲ್ ಕಲಿತದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಕಲಿಸಿದವರು ಅವರ ಗಂಡ ಗುರುದತ್. ಆ ಹೊತ್ತಿಗೆ ಗುರುದತ್‌ಗೆ ಕಣ್ಣು ಮುಕ್ಕಾಲು ಪಾಲು ಹೋಗಿತ್ತು.

ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ ಅವರು ಹದಿನಾರು ವರ್ಷದಿಂದ ಇದ್ದಾರೆ. ಇಬ್ಬರದೂ ಸಾಫ್ಟ್‌ವೇರ್ ಕೆಲಸ. 2021ರ ಆರಂಭದಲ್ಲಿ ಡಾಕ್ಟರು, ಇದು ಕಣ್ಣಿನ ಪರದೆ ಸವೆಯುವ ಕಾಯಿಲೆ, ಔಷಧಿಯಿಲ್ಲ ಎಂದರು. ಕೊಳವೆಯೊಳಗಿಂದ ನೋಡಿದ ಹಾಗೆ, ನೇರ ಎದುರಿಗಿದ್ದಷ್ಟು ಮಾತ್ರ ಕಾಣುತ್ತಿತ್ತು. ಗುರುದತ್ ಕಾರಿನ ಕೀ ತಾವೇ ತಂದು ಹೆಂಡತಿಯ ಕೈಗಿಟ್ಟರು. ಕಮ್ಮಿಂಗ್‌ನಲ್ಲಿ ಕಾರು ಓಡಿಸದಿದ್ದರೆ ಮನೆಯಲ್ಲೇ ಕೂರಬೇಕು. ಹಾಲು ತರಲಿಕ್ಕೂ, ಕ್ಷೌರಕ್ಕೂ ಯಾರನ್ನಾದರೂ ಕೇಳಬೇಕು. ಕ್ರಮೇಣ ಗುರುದತ್ ಕೇಳುವುದನ್ನೇ ಬಿಟ್ಟರು.

ಪ್ರತಿ ಜುಲೈನಲ್ಲಿ ಟಿವಿಯಲ್ಲಿ ಫ್ರಾನ್ಸಿನ ಸೈಕಲ್ ರೇಸ್ ನೋಡುವುದು ಅವರ ಹಳೆಯ ಹುಚ್ಚು. ಆ ವರ್ಷ ಪರದೆಯ ಮೇಲಿನ ಸೈಕಲ್ಲುಗಳನ್ನು ತಲೆ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದ ಗಂಡನನ್ನು ನೋಡಿ ನೀಲಗಂಗಾಗೆ ತಡೆಯಲಾಗಲಿಲ್ಲ.

"ಕಣ್ಣು ಕಾಣೋವಾಗಲೇ ಒಂದ್ಸಲ ಅಲ್ಲಿಗೆ ಹೋಗಿಬರೋಣ ರೀ."

"ಹೋಗಿ? ಬಸ್ಸಲ್ಲಿ ಕೂತು ಕಿಟಕಿ ನೋಡೋದಾ?"

"ಸೈಕಲ್ಲಲ್ಲೇ ಹೋಗೋಣ. ಇಬ್ಬರು ತುಳಿಯೋ ಸೈಕಲ್ ಇರುತ್ತಲ್ಲ. ನಾನು ಮುಂದೆ ಕೂರ್ತೀನಿ."

"ನಿಂಗೆ ಸೈಕಲ್ಲೇ ಬರಲ್ವಲ್ಲೇ!"

"ಕಲಿಸಿ."

ಭಾನುವಾರ ಬೆಳಿಗ್ಗೆ ಸ್ಕೂಲಿನ ಪಾರ್ಕಿಂಗ್ ಲಾಟ್ ಖಾಲಿ ಇರುತ್ತಿತ್ತು. ಗುರುದತ್ ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಡಿಕ್ಕಿ ಹೊಡೆಯಲು ಅಲ್ಲಿ ಏನೂ ಇರಲಿಲ್ಲ. ಅಪ್ಪ ಹಾಗೆ ಓಡಿದ್ದನ್ನು ತಾನು ನೋಡಿ ವರ್ಷವೇ ಆಗಿತ್ತು ಎಂದು ಮಗಳು ಯಾಮಿನಿ ಆಮೇಲೆ ಹೇಳಿದಳು. ನೀಲಗಂಗಾ ಎರಡು ಸಲ ಬಿದ್ದು ಮೊಣಕೈ ತರಚಿಕೊಂಡರು. ಮೂರನೇ ತಿಂಗಳಿಗೆ ಒಂದು ಹಳೆಯ ಜೋಡಿ ಸೈಕಲ್ ಕೊಂಡರು. ಮುಂದೆ ಕೂತವರು ದಾರಿ ನೋಡಬೇಕು, ಹಿಂದೆ ಕೂತವರು ತುಳಿದರೆ ಸಾಕು. ಎರಡು ವರ್ಷ ಪ್ರತಿ ಶನಿವಾರ ಊರಿನ ಗ್ರೀನ್‌ವೇ ಎಂಬ, ಕಾರುಗಳಿಲ್ಲದ ದಾರಿಯ ಮೇಲೆ, "ಎಡಕ್ಕೆ", "ಗುಂಡಿ", "ಬ್ರೇಕು" ಅನ್ನುತ್ತಾ ಓಡಿಸಿದರು.

2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಗೆ ಹೋದರು. ಬ್ಲುವಾ ಎಂಬ ಊರಲ್ಲಿ ಜೋಡಿ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಲುವಾರ್ ನದಿಯ ದಂಡೆ ಹಿಡಿದರು. ನೀಲಗಂಗಾ ಕಂಡದ್ದನ್ನೆಲ್ಲ ಹೇಳುತ್ತಾ ಹೋದರು: ನದಿ ನಡುವೆ ಮರಳಿನ ದಿಬ್ಬ, ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ, ಒಣಗಿ ತಲೆಬಾಗಿದ ಸೂರ್ಯಕಾಂತಿ. ಗುರುದತ್ ಒಮ್ಮೊಮ್ಮೆ "ನಿಲ್ಸು" ಎಂದು ಇಳಿದು, ತಲೆಯನ್ನು ಆಚೀಚೆ ತಿರುಗಿಸಿ, ತುಣುಕು ತುಣುಕಾಗಿ ಪೂರ್ತಿ ನೋಡುತ್ತಿದ್ದರು.

ಮೂರನೇ ದಿನ ದ್ರಾಕ್ಷಿ ತೋಟಗಳ ನಡುವಿನ ಏರಿನಲ್ಲಿ ಚೈನು ಕಡಿದುಹೋಯಿತು. ಸುತ್ತ ಯಾರೂ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ನೀಲಗಂಗಾ ಅಳುವಂತಾದರು. "ನಾನೇ ಹಟ ಮಾಡಿ ನಿಮ್ಮನ್ನ ಇಲ್ಲಿಗೆ ತಂದೆ."

ಅಷ್ಟರಲ್ಲಿ ಕೊಯ್ಲಿನ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದ ಮುದುಕಿಗೆ ಫ್ರೆಂಚ್ ಬಿಟ್ಟು ಬೇರೆ ಬರದು. ಚೈನು ನೋಡಿ, ಏನೋ ಗೊಣಗಿ, ಸೈಕಲ್ಲನ್ನು ಟ್ರೇಲರ್‌ಗೆ ಏರಿಸಿ, ಇಬ್ಬರನ್ನೂ ತನ್ನ ಕೊಟ್ಟಿಗೆಗೆ ಕರೆದೊಯ್ದಳು. ಉಪಕರಣದ ಪೆಟ್ಟಿಗೆ ತೆರೆದಿಟ್ಟು, ನನಗೆ ಬರದು ಎನ್ನುವಂತೆ ಕೈಯಾಡಿಸಿದಳು.

ಗುರುದತ್ ನೆಲಕ್ಕೆ ಕೂತರು. ದಾವಣಗೆರೆಯಲ್ಲಿ ಅವರ ಸೋದರಮಾವನದು ಸೈಕಲ್ ಶಾಪ್; ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದವರು. ಬೆರಳಲ್ಲೇ ಚೈನನ್ನು ಸವರಿ ಮುರಿದ ಕೊಂಡಿ ಹುಡುಕಿದರು. ಸುತ್ತಿಗೆ, ಮೊಳೆ, ಕೆಳಗಿಡಲು ಒಂದು ನಟ್ಟು, ಅಷ್ಟನ್ನೇ ಹೆಂಡತಿಯ ಹತ್ತಿರ ಕೇಳಿದರು. ಇಪ್ಪತ್ತು ನಿಮಿಷದಲ್ಲಿ ಮುರಿದ ಕೊಂಡಿ ತೆಗೆದು ಚೈನು ಜೋಡಿಸಿದರು. ಆ ಹೊತ್ತಿಗೆ ಮುದುಕಿಗೂ ಅವರ ಕಣ್ಣಿನ ವಿಷಯ ತಿಳಿದಿತ್ತು. ಅವರ ಗ್ರೀಸು ಹತ್ತಿದ ಕೈಗಳನ್ನು ತಾನೇ ನೀರು ಹಾಕಿ ತೊಳೆದು, ಬೊಗಸೆ ತುಂಬ ದ್ರಾಕ್ಷಿ ಸುರಿದಳು. ನೀಲಗಂಗಾ ಅವಳಿಗೆ ಕೈಮುಗಿದರು. ಅವಳು ಆ ಕೈಗಳನ್ನು ಬಿಡಿಸಿ ಕೆನ್ನೆಗೆ ಮುತ್ತಿಟ್ಟಳು.

ತೂರ್ ಪಟ್ಟಣದಲ್ಲಿ ಸೈಕಲ್ ಹಿಂದಿರುಗಿಸಿ ಹೊರಬಂದಾಗ ಗುರುದತ್ ಅಂದರು: "ನೀಲಾ, ಎರಡು ವರ್ಷದಿಂದ ಎಲ್ಲರೂ ನನ್ನನ್ನ ಕರ್ಕೊಂಡು ಹೋಗೋರೇ. ಇಲ್ಲಿ ನಾನೂ ತುಳಿದು ನಿನ್ನನ್ನ ಕರ್ಕೊಂಡು ಬಂದೆ. ಥ್ಯಾಂಕ್ಸ್ ಕಣೇ."

"ನನಗ್ಯಾಕೆ ಥ್ಯಾಂಕ್ಸು? ಆ ಏರು ನಾನೊಬ್ಬಳೇ ಹತ್ತೋಕಾಗ್ತಿತ್ತಾ?" ಎಂದರು ನೀಲಗಂಗಾ.

ಈಗ ಗುರುದತ್‌ಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ. ಆದರೆ ಏನು ಬೇಕಾದರೂ ಸಂಕೋಚವಿಲ್ಲದೆ ಕೇಳುತ್ತಾರೆ. ಅಕ್ಕಪಕ್ಕದ ಮನೆಗಳ ಕೆಟ್ಟ ಸೈಕಲ್ಲುಗಳು ಅವರ ಗರಾಜಿಗೆ ಬರುತ್ತವೆ. ಮೊನ್ನೆ ಪಕ್ಕದ ಮನೆಯ ನಾನೂ ನಮ್ಮ ಸೈಕಲ್ ಒಯ್ದಿದ್ದೆ. ಗುರುದತ್ ಅದರ ಗಾಲಿಯನ್ನು ಕಿವಿಯ ಹತ್ತಿರ ತಿರುಗಿಸುತ್ತಾ, "ಬೇರಿಂಗ್ ಹೋಗಿದೆ, ಕೇಳಿಸ್ತಾ?" ಎಂದರು. ನನಗೆ ಏನೂ ಕೇಳಿಸಲಿಲ್ಲ. ಒಳಗಿಂದ ನೀಲಗಂಗಾ ಕಾಫಿ ತಂದರು.