ಕರೆಂಟಕ್ಕನ ಕೈಗೆ ಬಂದ ಕೂಸು

ಗಹನವಾದ ಸಂಗತಿಯೊಂದನ್ನು ಮೊದಲೇ ಹೇಳಿಬಿಡುವುದು ಒಳಿತು: ಈ ಪ್ಲಾಸ್ಟಿಕ್ ಹಾಳೆಯ ಕಾರ್ಖಾನೆಯಲ್ಲಿ ಯಾರೂ ಯಾರ ಕೈಯನ್ನೂ ಕುಲುಕುವುದಿಲ್ಲ. ಮುನಿಸಲ್ಲ, ಬಿಗುಮಾನವೂ ಅಲ್ಲ. ಕುಲುಕಿದರೆ ಚುರ್ ಎನ್ನುತ್ತದೆ, ಅಷ್ಟೇ.

ಬೆಳಕು ಹರಿಯುವ ಹೊತ್ತಿಗೆ ಮೊದಲ ಯಂತ್ರ ಹೊರಳುತ್ತದೆ. ಅಗಲವಾದ ಹಾಳೆ ಉರುಳೆಗಳ ಮೇಲೆ ಉಜ್ಜಿಕೊಂಡು, ಆ ಉಜ್ಜಾಟಕ್ಕೇ ಮೈತುಂಬ ವಿದ್ಯುತ್ತು ತುಂಬಿಕೊಂಡು ಓಡಿ, ಬ್ಲೇಡುಗಳ ಸಾಲಿನಲ್ಲಿ ಪಟ್ಟಿಪಟ್ಟಿಯಾಗಿ ಸೀಳಿಕೊಳ್ಳುತ್ತದೆ. ಎದುರು ನಿಂತ ಹೆಂಗಸಿನ ತೋಳಿನ ರೋಮವೆಲ್ಲ ನಿಮಿರಿದೆ. ಇಪ್ಪತ್ತು ವರ್ಷದಿಂದ ಇಲ್ಲಿ ಕಿಡಿ ಕಚ್ಚಿಸಿಕೊಳ್ಳುತ್ತಿರುವ ಇವರನ್ನು ಎಲ್ಲರೂ ಕರೆಯುವುದು ಕರೆಂಟಕ್ಕ ಎಂದೇ.

"ಕಿಡಿಯಿಂದ ಏನಾಗಲ್ಲ, ಇರುವೆ ಕಡಿದಂಗೆ. ಬೆಚ್ಚಿ ಬೀಳ್ತೀವಲ್ಲ, ಅದೇ ಮೋಸ. ಕೈ ತಾನಾಗೇ ಹಿಂದಕ್ಕೆ ಹಾರುತ್ತೆ. ಅಲ್ಲಿ ಬ್ಲೇಡು ಬಾಯಿ ತೆಕ್ಕೊಂಡು ಕೂತಿರುತ್ತೆ."

ಅವರ ಮೊಣಕೈ ಮೇಲೊಂದು ಹಳೆಯ ಗಾಯದ ಗೆರೆಯಿದೆ. ಅದಾದ ಮೇಲೆ, ಹಾಳೆ ಮುಟ್ಟುವ ಮುಂಚೆ ನೆಲಕ್ಕೆ ತಂತಿ ಎಳೆದ ಕಬ್ಬಿಣದ ಕಂಬಕ್ಕೆ ಬೀಗದ ಕೈ ತಾಗಿಸುವುದನ್ನು ರೂಢಿಸಿಕೊಂಡರು. ಕಿಡಿ ಬೀಗದ ಕೈಗೆ ಹಾರುತ್ತದೆ, ಬೆರಳು ಬಚಾವು. ಈಗ ಸಾಲಿನವರೆಲ್ಲರ ಸೊಂಟದಲ್ಲೂ ಯಾವ ಬೀಗಕ್ಕೂ ಹೊಂದದ ಒಂದು ಬೀಗದ ಕೈ. "ಆಮೇಲೆ ಇಲ್ಲಿ ಯಾರ ರಕ್ತಾನೂ ಬಿದ್ದಿಲ್ಲ," ಎನ್ನುವಾಗ ಅವರ ಕತ್ತು ಗೇಣುದ್ದ ಮೇಲೇರುತ್ತದೆ.

ಮನೆಯ ತಾಪತ್ರಯ ಬೇರೆ. ಮಗಳಿಗೆ ಹೆರಿಗೆಯಾಗಿದೆ, ಗಂಡನ ಮನೆಯಲ್ಲಿದ್ದಾಳೆ. ಕೂಸನ್ನು ಅಜ್ಜಿ ಇನ್ನೂ ಮುಟ್ಟಿಲ್ಲ. ಬೀಗಿತ್ತಿ ಬಿಡುತ್ತಿಲ್ಲ: ಇವರ ಮೈಯಲ್ಲಿ ಕರೆಂಟು ಉಳಿದಿದೆಯಂತೆ, ಮುಟ್ಟಿದರೆ ಕೂಸಿಗೆ ಹೊಡೆಯುತ್ತದಂತೆ.

"ನನಗೂ ಒಳಗೊಳಗೇ ಅಳುಕು," ಎನ್ನುತ್ತಾರೆ ಕರೆಂಟಕ್ಕ. ಕಾರ್ಖಾನೆಯ ವೈದ್ಯರನ್ನು ಕೇಳಿದರೆ ಅವರು ನಕ್ಕರಂತೆ: "ನಿಮ್ಮ ಮೈಯೇನು ಬ್ಯಾಟರಿನಾ ಅಮ್ಮ? ಅದು ಬಂದ ದಾರೀಲೇ ಇಳಿದುಹೋಗುತ್ತೆ. ಒಂದು ಚೂರೂ ಉಳಿಯಲ್ಲ."

ರಜೆಯ ದಿನ, ಇದನ್ನು ಬರೆಯಲು ಬಂದ ನಾನೂ ಅವರ ಜೊತೆ ಬೀಗರ ಮನೆಗೆ ಹೋಗುತ್ತೇನೆ. ಬೀಗಿತ್ತಿ ತೊಟ್ಟಿಲಿಗೆ ಅಡ್ಡ ನಿಂತಿದ್ದಾರೆ.

"ಬೇಜಾರು ಮಾಡ್ಕೋಬೇಡಿ ಬೀಗರೇ. ಅಷ್ಟು ವರ್ಷ ಕರೆಂಟು ಕುಡಿದ ಮೈ. ಇದು ಹಸುಗೂಸು."

"ಡಾಕ್ಟ್ರು ಏನೂ ಆಗಲ್ಲ ಅಂದ್ರು."

"ಡಾಕ್ಟ್ರಿಗೇನು, ಮೊಮ್ಮಗು ಅವರದಾ?"

ಮಂಚದ ಮೇಲಿನ ಬಾಣಂತಿ ಬಾಯಿ ಬಿಡುತ್ತಾಳೆ. "ಅತ್ತೆ, ಕೆಲಸ ಮುಗಿಸಿ ಬಂದು ದಿನಾ ನನ್ನ ತಲೆ ಬಾಚ್ತಿದ್ದದ್ದು ಇದೇ ಕೈ. ಕೂದಲು ನಿಮಿರ್ತಿತ್ತು, ಅಷ್ಟೆ. ನನಗೇನಾಗಿದೆ ಹೇಳಿ?"

ಬೀಗಿತ್ತಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ನಾಲಿಗೆ ಮಾತ್ರ ಸ್ವಲ್ಪ ಚುರುಕಾಗಿದೆ," ಎಂದು ಕೂಸನ್ನೆತ್ತಿ ಕರೆಂಟಕ್ಕನ ತೋಳಿಗಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಕೂಸು ಆಕಳಿಸಿ, ಅಜ್ಜಿಯ ಬೆರಳು ಹಿಡಿದು ನಿದ್ದೆ ಹೋಗುತ್ತದೆ.