ಚಿಕ್ಕಮ್ಮ ನೋಡಿರದ ಕಾರ್ನರ್ ಕಿಕ್

ಆ ಸಂಜೆ ಜರಗನಹಳ್ಳಿಯ ಟರ್ಫ್ ಮೈದಾನದಲ್ಲಿ ನಾವು ಆಫೀಸಿನ ಗೆಳೆಯರು ಫುಟ್‌ಬಾಲ್ ಆಡುತ್ತಿದ್ದೆವು. ಮೈದಾನದ ಸುತ್ತಲಿನ ಬಲೆಯ ಆಚೆ ನಮ್ಮ ಚಿಕ್ಕಮ್ಮ ಕೂತಿದ್ದಳು, ಸಾರಕ್ಕಿ ಮಾರುಕಟ್ಟೆಯ ಸೊಪ್ಪಿನ ಚೀಲ ಕಾಲ ಬಳಿ ಇಟ್ಟುಕೊಂಡು. ಆಟ ಮುಗಿದ ಮೇಲೆ ಅವಳನ್ನು ಮನೆಗೆ ಬಿಡಬೇಕಿತ್ತು. ಮುಂದೆ ಆದದ್ದನ್ನು ಬೇರೆ ಯಾರಾದರೂ ಹೇಳಿದ್ದರೆ, ಒಳ್ಳೇ ಕತೆ ಕಟ್ಟಿದೆಯಪ್ಪ ಎಂದು ಎದ್ದು ಹೋಗುವ ಪೈಕಿ ನಾನು. ನೀವೂ ನಗಬಹುದು, ಬೇಸರವಿಲ್ಲ.

ಮೊದಲು ಚಿಕ್ಕಪ್ಪನ ವಿಷಯ. ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆಂದೇ ಅವನನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದರು. ರಜಕ್ಕೆ ವಿಲ್ಸನ್ ಗಾರ್ಡನ್ನಿಗೆ ಬಂದಾಗ ಅವನ ಆಟವನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೆ. ಕಾರ್ನರ್ ಸಿಕ್ಕರೆ ಚೆಂಡನ್ನು ಹೊಟ್ಟೆಗೆ ಒರೆಸುವುದು, ಗಾಳಿ ತುಂಬುವ ತೂತು ತನ್ನ ಕಡೆಗೆ ಬರುವಂತೆ ಇಡುವುದು, ನಿಂತಲ್ಲೇ ಎರಡು ಸಲ ಕುಪ್ಪಳಿಸಿ ಎಡಗಾಲಲ್ಲಿ ಬಾರಿಸುವುದು. ಚೆಂಡು ಯಾರಿಗೂ ತಾಗದೆ, ಬಾಗಿ ಗೋಲಿನೊಳಗೆ ಹೋಗುತ್ತಿತ್ತು. ದೊಡ್ಡ ತಂಡಕ್ಕೆ ಆಯ್ಕೆಯಾದ ವರ್ಷವೇ ಕಾರ್ಗಿಲ್ ಯುದ್ಧ ಬಂತು. ತಂಡ ಬಿಟ್ಟು ಬೆಟ್ಟ ಹತ್ತಿದ. ಇಳಿದು ಬಂದಾಗ ಎಡಪಾದ ನುಚ್ಚಾಗಿತ್ತು. ಚಿಕ್ಕಮ್ಮನನ್ನು ಮದುವೆಯಾದದ್ದು ಆಮೇಲೆ.

ಮನೆಗೆ ಬಂದವರೆಲ್ಲ ಆ ಕಾರ್ನರನ್ನು ಎದ್ದು ನಿಂತು ಆಡಿ ತೋರಿಸುವರು. ಚಿಕ್ಕಮ್ಮ ಕಾಫಿ ಕೊಡುತ್ತಾ, "ಊರೆಲ್ಲ ನೋಡಿದೆ. ನನಗೆ ಸಿಕ್ಕಿದ್ದು ದಿನಾ ಉಪ್ಪಿನ ಶಾಖ ಕೊಡೋ ಕಾಲು" ಎಂದು ನಗುವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಆ ನಗು ಹೋಯಿತು. "ಒಂದೇ ಒಂದು ಸಲ ನೋಡ್ಬೇಕಿತ್ತು ಕಣೋ" ಅನ್ನುವುದಷ್ಟೇ ಉಳಿಯಿತು.

ಹೊತ್ತು ಮುಳುಗುವ ಮುಂಚೆ ನಮಗೊಂದು ಕಾರ್ನರ್ ಸಿಕ್ಕಿತು. ಬಸವರಾಜ ಮುಂದೆ ಬಂದ. ಗದಗದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ನನಗೊಬ್ಬ ಚಿಕ್ಕಪ್ಪ ಇದ್ದನೆಂಬುದೂ ಅವನಿಗೆ ಗೊತ್ತಿರಲಿಲ್ಲ.

"ಮಗಾ, ನಿನ್ನ ಬಲಗಾಲೇ ನೆಟ್ಟಗಿಲ್ಲ. ಬಾಲ್ ಕನಕಪುರ ರೋಡಲ್ಲಿ ಬಸ್ ಹತ್ತುತ್ತೆ" ಎಂದು ಎದುರು ತಂಡದ ಗೋಲು ಕಾಯುತ್ತಿದ್ದ ಸೀನ ರೇಗಿಸಿದ.

ಬಸವರಾಜ ಮೂಲೆಗೆ ನಡೆದ. ಚೆಂಡನ್ನು ಹೊಟ್ಟೆಗೆ ಒರೆಸಿದ. ತೂತು ತನ್ನ ಕಡೆ ತಿರುಗಿಸಿ ಇಟ್ಟ. ಎರಡು ಸಲ ಕುಪ್ಪಳಿಸಿ ಎಡಗಾಲಲ್ಲಿ ಹೊಡೆದ. ಹೊರಗೆ ಹೋಯಿತು ಅಂದುಕೊಂಡ ಚೆಂಡು ಬಾಗಿ ಒಳಗೆ ಬಂತು.

ಎಲ್ಲರೂ ಅವನನ್ನು ಎತ್ತಿ ಕುಣಿಸುತ್ತಿದ್ದರು. ಚಿಕ್ಕಮ್ಮ ಎರಡೂ ಕೈಯಲ್ಲಿ ಬಲೆ ಹಿಡಿದು ನಿಂತಿದ್ದಳು.

"ಹಿಂಗೇನಾ ಹೊಡೀತಿದ್ದಿದ್ದು?" ಎಂದಳು.

ಬಲೆಯ ಬಳಿಗೆ ಓಡಿ, ಹೂಂ ಎಂದು ತಲೆಯಾಡಿಸಿದೆ.

ಬಸವರಾಜನನ್ನು ಕೇಳಿದರೆ, "ಎಡಗಾಲಿಲೆ ಯಾಕ ಹೊಡದ್ನೋ ಗೊತ್ತಿಲ್ಲಲೇ. ಕಾಲು ತಾನ ಎದ್ದಂಗಾತು" ಅಂದ. ಆಮೇಲೆ ಎಷ್ಟೋ ಸಂಜೆ ಪ್ರಯತ್ನಪಟ್ಟ, ಒಂದೂ ಬಾಗಲಿಲ್ಲ. ಟೀವಿಯಲ್ಲಿ ಯಾರನ್ನೋ ನೋಡಿ ಕಲಿತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆ ಕುಪ್ಪಳಿಕೆ ಎಲ್ಲಿಂದ ಬಂತು? ಇವತ್ತಿಗೂ ಗೊತ್ತಿಲ್ಲ.

ಅಂದು ಆ ಹೊಡೆತದ ಮೇಲೆ ಬಸವರಾಜ ಎಡಗಾಲು ಕುಂಟುತ್ತಿದ್ದ. ಚಿಕ್ಕಮ್ಮ ಬಿಡಲಿಲ್ಲ, ಆಟೋದಲ್ಲಿ ಅವನನ್ನೂ ಮನೆಗೆ ಕರೆತಂದಳು. ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು.

"ಬ್ಯಾಡ್ರಿ ಆಂಟಿ" ಎಂದು ಅವನು ಕಾಲು ಹಿಂದಕ್ಕೆಳೆದುಕೊಂಡ.

"ಸುಮ್ನೆ ಕೂತ್ಕೊಳಪ್ಪ" ಎಂದು ಅವನ ಎಡಪಾದವನ್ನು ಮಡಿಲಿಗೆ ಎಳೆದುಕೊಂಡಳು. ಎಲ್ಲಿ ನೋವು ಎಂದು ಕೇಳಲಿಲ್ಲ. ಗಂಟನ್ನು ನೇರವಾಗಿ, ಚಿಕ್ಕಪ್ಪನಿಗೆ ದಿನಾ ಒತ್ತುತ್ತಿದ್ದ ಜಾಗಕ್ಕೇ ಒತ್ತಿದಳು.